ಕ್ಯಾಮೆರಾಕ್ಕೆ ಲೆಕ್ಕವಿದೆ, ಸ್ಟ್ರೀಮಿಗೆ ಇಲ್ಲ

ಹೈದರಾಬಾದಿನ ಕ್ಯಾಮೆರಾಗಳ ಮಾತು ಬಂದರೆ ಎಲ್ಲರೂ ಸಂಖ್ಯೆ ಹೇಳುತ್ತಾರೆ. ಪೊಲೀಸರ ‘ನೇನು ಸೈತಂ’ ಯೋಜನೆಯಲ್ಲಿ ಅಂಗಡಿಯವರು, ಅಪಾರ್ಟ್‌ಮೆಂಟಿನವರು ಸ್ವಂತ ದುಡ್ಡಿನಲ್ಲಿ ಕ್ಯಾಮೆರಾ ಹಾಕಿಸಿದರು. 2022ರ ಆಗಸ್ಟಿನಲ್ಲಿ ಬಂಜಾರಾ ಹಿಲ್ಸ್‌ನ ಕಮಾಂಡ್ ಕಂಟ್ರೋಲ್ ಸೆಂಟರ್ ಕೂಡ ಉದ್ಘಾಟನೆಯಾಯಿತು. ಜನರನ್ನು ಜೊತೆಗೆ ಕರೆದುಕೊಂಡ ಯೋಜನೆ ಎಂಬ ಮಟ್ಟಿಗೆ ‘ನೇನು ಸೈತಂ’ ಗೆದ್ದಿದೆ. ನನ್ನ ತಕರಾರು ಕ್ಯಾಮೆರಾ ಗೋಡೆಗೇರಿದ ಮೇಲಿನದು: ಅದರ ಸೆಟ್ಟಿಂಗ್‌ನತ್ತ ಆಮೇಲೆ ಯಾರೂ ಸುಳಿಯುವುದಿಲ್ಲ.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗುವ ಸಾಧಾರಣ ಐಪಿ ಕ್ಯಾಮೆರಾ ಕೂಡ ಎರಡು ಸ್ಟ್ರೀಮ್ ಕೊಡುತ್ತದೆ. ಮೇನ್ ಸ್ಟ್ರೀಮ್ ರೆಕಾರ್ಡಿಂಗಿಗೆ, ಸಬ್ ಸ್ಟ್ರೀಮ್ ಫೋನಿನಲ್ಲಿ ನೋಡುವುದಕ್ಕೆ. ಎಐ ಪತ್ತೆಗೂ ಈ ಸಬ್ ಸ್ಟ್ರೀಮೇ ಹಗುರ. ಸೆಕೆಂಡಿಗೆ ಐದು ಫ್ರೇಮ್ ಸಿಕ್ಕರೆ ‘ಯಾರೋ ಬಂದರು’ ಎಂದು ಗೊತ್ತಾಗುತ್ತದೆ. ಆದರೆ ಬಂದವರು ಯಾರು? ಎಂಟು ಮೀಟರ್ ಅಗಲದ ಗೇಟನ್ನು ಸಬ್ ಸ್ಟ್ರೀಮಿನ 704 ಪಿಕ್ಸೆಲ್‌ಗಳಲ್ಲಿ ಹಿಡಿದರೆ ಒಂದು ಮುಖದ ಪಾಲಿಗೆ ಬರುವುದು ಸುಮಾರು ಹದಿನಾಲ್ಕು ಪಿಕ್ಸೆಲ್. ಅದೇ ಗೇಟು ನಾಲ್ಕು ಮೆಗಾಪಿಕ್ಸೆಲ್‌ನ ಮೇನ್ ಸ್ಟ್ರೀಮಿನಲ್ಲಿ ಐವತ್ತು ಕೊಡುತ್ತದೆ. ಪತ್ತೆಗೆ ಒಂದು, ಗುರುತಿಗೆ ಇನ್ನೊಂದು ಎಂದು ಬೇರ್ಪಡಿಸುವುದು ಹತ್ತು ನಿಮಿಷದ ಕೆಲಸ. ಫಿಟ್ಟಿಂಗ್‌ಗೆ ಬಂದ ಹುಡುಗನಿಗೆ ಅಷ್ಟು ಪುರುಸೊತ್ತಿಲ್ಲ, ಪಾಪ, ಸಂಜೆಯೊಳಗೆ ಇನ್ನೂ ಮೂರು ಕಡೆ ಹೋಗಬೇಕು.

ರೆಕಾರ್ಡಿಂಗಿನ ಕತೆ ಇನ್ನೂ ಕೆಟ್ಟದ್ದು. ಜನ ಸೇರುವ ಸ್ಥಳಗಳು ಮೂವತ್ತು ದಿನದ ದೃಶ್ಯ ಉಳಿಸಿಡಬೇಕೆಂದು 2013ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ನಾಲ್ಕು ಎಂಬಿಪಿಎಸ್‌ನಲ್ಲಿ ಓಡುವ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ ನುಂಗುತ್ತದೆ. ಎಂಟು ಕ್ಯಾಮೆರಾ ಇದ್ದರೆ ಎರಡು ಟಿಬಿ ಡಿಸ್ಕು ಆರು ದಿನಕ್ಕೇ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲು ಶುರು. ದೃಶ್ಯವನ್ನು ಹೆಚ್ಚು ಕುಗ್ಗಿಸುವ ಎಚ್.265 ಕೋಡೆಕ್ ಹಾಕಿದರೂ ಹನ್ನೆರಡು ದಿನ ಬಂದರೆ ಹೆಚ್ಚು. ಜಾಗ ಉಳಿಸಲು ‘ಸ್ಮಾರ್ಟ್’ ಕೋಡೆಕ್ ಆನ್ ಮಾಡುವವರೂ ಇದ್ದಾರೆ. ಆಗ ಪೂರ್ತಿ ಚಿತ್ರವಿರುವ ಐ-ಫ್ರೇಮ್‌ಗಳ ನಡುವಿನ ಅಂತರ ಹಿಗ್ಗುತ್ತದೆ, ಎಐ ರೆಕಾರ್ಡರ್ ಬೇಕಾದ ಕ್ಷಣದಿಂದಲೇ ಕ್ಲಿಪ್ ಕತ್ತರಿಸಲಾಗದೆ ತಡಬಡಿಸುತ್ತದೆ. ಸೆಕೆಂಡಿಗೊಂದು ಐ-ಫ್ರೇಮ್ ಇರಲಿ ಎಂಬ ಹಳೆಯ ನಿಯಮವೇ ವಾಸಿ.

ಇದು ಬರೀ ತಾಂತ್ರಿಕ ಕೊರತೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ತೆಲಂಗಾಣ ಪೊಲೀಸರ ಟಿಎಸ್‌ಕಾಪ್ ಆ್ಯಪ್‌ಗೆ 2018ರಲ್ಲೇ ಮುಖ ಗುರುತಿಸುವ ಸೌಲಭ್ಯ ಬಂತು. ಈ ಬಳಕೆಯನ್ನು ಸಾಮಾಜಿಕ ಕಾರ್ಯಕರ್ತ ಎಸ್.ಕ್ಯು. ಮಸೂದ್ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅವರ ವಾದದ ಕೇಂದ್ರ ಖಾಸಗಿತನ. ನಾನು ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ: ಹದಿನಾಲ್ಕು ಪಿಕ್ಸೆಲ್ಲಿನ ಮುಖವನ್ನು ಕೊಟ್ಟು ಹೆಸರು ಕೇಳಿದರೆ ಯಂತ್ರ ಯಾರದೋ ಹೆಸರನ್ನು ಮುಂದಿಟ್ಟೀತು, ಸಿಕ್ಕಿಹಾಕಿಕೊಳ್ಳುವವನು ಬೇರೆಯವನು.

ನಿಮ್ಮ ಕಟ್ಟಡಕ್ಕೂ ಕ್ಯಾಮೆರಾ ಹಾಕಿಸುತ್ತಿದ್ದರೆ ಬಾಕಿ ದುಡ್ಡು ಕೊಡುವ ಮೊದಲು ಒಂದು ರಾತ್ರಿ ಬಿಟ್ಟು, ನಡುರಾತ್ರಿ ಎರಡು ಗಂಟೆ ಹೊತ್ತಿನ ಗೇಟಿನ ದೃಶ್ಯವನ್ನು ದೊಡ್ಡ ಪರದೆಯಲ್ಲಿ ತೋರಿಸಲು ಹೇಳಿ. ತಿಂಗಳು ಕಳೆದ ಮೇಲೆ ಅದೇ ದೃಶ್ಯವನ್ನು ಇನ್ನೊಮ್ಮೆ ಕೇಳಿ.