ಬೆರಳು ಬಲ್ಲ ದಾರಿ

ಕೈಯಲ್ಲಿರುವ ಫೋನನ್ನು ತೆರೆದು ಕರೆ ಮಾಡುವ ಅಂಕಿಗಳನ್ನು ನೋಡಿ. ಮೇಲಿನ ಸಾಲಿನಲ್ಲಿ 1, 2, 3 ಇವೆ. ಈಗ ಅದೇ ಫೋನಿನ ಕ್ಯಾಲ್ಕುಲೇಟರ್ ತೆರೆಯಿರಿ. ಮೇಲಿನ ಸಾಲಿನಲ್ಲಿ 7, 8, 9. ಅದೇ ಗಾಜು, ಅವೇ ಅಂಕಿಗಳು, ಜೋಡಣೆ ಮಾತ್ರ ತಲೆಕೆಳಗು. ದಿನವೂ ಎರಡನ್ನೂ ಒತ್ತುತ್ತೇವೆ, ಆದರೂ ಬಹಳ ಮಂದಿ ಈ ವ್ಯತ್ಯಾಸವನ್ನು ಗಮನಿಸಿರುವುದೇ ಇಲ್ಲ. ಕ್ಯಾಲ್ಕುಲೇಟರಿನ ಜೋಡಣೆ ಹಳೆಯ ಲೆಕ್ಕದ ಯಂತ್ರಗಳಿಂದ ಬಂದದ್ದು. ಫೋನಿನದು ಅಮೆರಿಕದ ಬೆಲ್ ಸಂಸ್ಥೆಯದು. ತಿರುಗಿಸುವ ಡಯಲ್ ಬಿಟ್ಟು 1963ರಲ್ಲಿ ಒತ್ತುವ ಗುಂಡಿಗಳನ್ನು ತರುವ ಮೊದಲು, ಆ ಸಂಸ್ಥೆ ಹಲವು ಜೋಡಣೆಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷೆ ಮಾಡಿ ಇದನ್ನು ಆರಿಸಿಕೊಂಡಿತು. ಗಾಜಿನ ಪರದೆಗೆ ಈ ಎರಡರಲ್ಲಿ ಯಾವುದರ ಹಂಗೂ ಇಲ್ಲ. ಎರಡನ್ನೂ ಒಂದೇ ರೀತಿ ಮಾಡಿಬಿಡುವುದು ಬಲು ಸುಲಭವಾಗಿತ್ತು. ವಿನ್ಯಾಸಕರು ಹಾಗೆ ಮಾಡಲಿಲ್ಲ, ಏಕೆಂದರೆ ಎರಡೂ ಕಡೆ ಜನರ ಬೆರಳಿಗೆ ಆಗಲೇ ದಾರಿ ಗೊತ್ತಿತ್ತು.

ಬಳಕೆದಾರರ ಅನುಭವವನ್ನು ರೂಪಿಸುವ ಈ ಕೆಲಸಕ್ಕೆ ಯುಎಕ್ಸ್ ಡಿಸೈನ್ ಎನ್ನುತ್ತಾರೆ. ಸಂಗೀತ ಕೇಳುವವರು, ಚಿತ್ರ ನೋಡುವವರು ರಸಿಕರಾಗಲು ಹಂಬಲಿಸುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ನಾವು ಮುಟ್ಟುವ ಈ ಕಲೆಗೆ ಮಾತ್ರ, ಕೆಟ್ಟಾಗ ಬೈಯುವವರಿದ್ದಾರೆಯೇ ಹೊರತು ಚೆನ್ನಾಗಿದ್ದಾಗ ತಲೆದೂಗುವವರಿಲ್ಲ. ತಲೆದೂಗಲು ಏನನ್ನು ನೋಡಬೇಕು ಎನ್ನುವುದೇ ಈ ಬರಹದ ವಿಷಯ.

ರೈಲು ಎಂಜಿನ್ನಿನಿಂದ ಸಿಗರೇಟಿನ ಪ್ಯಾಕಿನವರೆಗೆ ಎಷ್ಟೋ ವಸ್ತುಗಳಿಗೆ ರೂಪ ಕೊಟ್ಟ ರೇಮಂಡ್ ಲೋವಿ ಕಳೆದ ಶತಮಾನದಲ್ಲೇ ಒಂದು ಸೂತ್ರ ಹೇಳಿದ್ದರು. ಜನರು ಒಪ್ಪಿಕೊಳ್ಳಬಲ್ಲ ಗಡಿಯವರೆಗೆ ಎಷ್ಟು ಮುಂದೆ ಹೋಗಲು ಸಾಧ್ಯವೋ ಅಷ್ಟು ಹೋಗಬೇಕು ಎಂಬುದು ಅದರ ಸಾರ. ಸೂತ್ರ ಸರಿಯಾದದ್ದೇ, ಆದರೆ ಅದು ಅಳತೆಯನ್ನಷ್ಟೇ ಹೇಳುತ್ತದೆ. ನನ್ನ ಮಟ್ಟಿಗೆ ಕಲೆ ಇರುವುದು ಆಯ್ಕೆಯಲ್ಲಿ. ಜನರಿಗೆ ನೂರು ಅಭ್ಯಾಸಗಳಿರುತ್ತವೆ. ಅವುಗಳಲ್ಲಿ ಯಾವುದನ್ನು ನಂಬಿ, ಯಾವುದನ್ನು ಬಿಟ್ಟು ಹೊಸದನ್ನು ಕಟ್ಟಿದ್ದಾರೆ ಎನ್ನುವುದನ್ನು ನೋಡಿದರೆ ವಿನ್ಯಾಸಕರ ಮನಸ್ಸು ಕಾಣುತ್ತದೆ.

ನಮ್ಮ ಮತಯಂತ್ರವನ್ನೇ ತೆಗೆದುಕೊಳ್ಳಿ. ಅದರ ಸುತ್ತಲಿನ ರಾಜಕೀಯ ವಾದ ಬೇರೆ, ಇಲ್ಲಿ ನಾನು ಹೇಳುವುದು ಕೈ ಕಣ್ಣುಗಳ ಅನುಭವದ ಬಗ್ಗೆ ಮಾತ್ರ. ಕೇರಳದ ಪರವೂರಿನಲ್ಲಿ 1982ರಲ್ಲಿ ಮೊದಲ ಪ್ರಯೋಗ ಕಂಡ ಈ ಯಂತ್ರ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಮತಗಟ್ಟೆಗಳಿಗೂ ಬಂತು. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ಇದನ್ನು ತಯಾರಿಸುತ್ತವೆ. ಓದು ಬಾರದ ಅಜ್ಜಿಯೂ ಯಾರ ನೆರವಿಲ್ಲದೆ, ಮರೆಯಲ್ಲಿ ಒಬ್ಬರೇ ನಿಂತು ಬಳಸಬೇಕಾದ ವಿದ್ಯುನ್ಮಾನ ಯಂತ್ರ ಇದು. ಹಾಗಿದ್ದರೂ ಅದರ ಮುಖದಲ್ಲಿ ಪರದೆಯಿಲ್ಲ. ಇರುವುದು ಹಳೆಯ ಮತಪತ್ರವೇ. ಅದೇ ಹೆಸರಿನ ಪಟ್ಟಿ, ಅದೇ ಗುರುತು, ಕಾಗದದ ಮೇಲೆ ಮುದ್ರಿಸಿದ್ದು. ಮೊದಲು ಗುರುತಿನ ಪಕ್ಕ ರಬ್ಬರಿನ ಮುದ್ರೆ ಒತ್ತುತ್ತಿದ್ದ ಕಡೆ ಈಗ ನೀಲಿ ಬಟನ್ ಇದೆ. ಬೆರಳಿಗೆ ಮೈಸೂರಿನ ಶಾಯಿ, ರಟ್ಟಿನ ಮರೆ, ಸಾಲಿನಲ್ಲಿ ನಿಲ್ಲುವ ಕ್ರಮ ಎಲ್ಲವೂ ಹಾಗೆಯೇ ಉಳಿದವು. ಬದಲಾದದ್ದು ಎಣಿಕೆ, ಮತ್ತು ಅದು ಮತದಾರರ ಕಣ್ಣಿಗೆ ಬೀಳುವುದೇ ಇಲ್ಲ.

ಬ್ರೆಜಿಲ್ ಇದೇ ಸಮಸ್ಯೆಗೆ ಬೇರೆ ಉತ್ತರ ಕಂಡುಕೊಂಡಿತು. 1996ರಿಂದ ಅಲ್ಲಿ ಬಳಕೆಯಲ್ಲಿರುವ ಯಂತ್ರದಲ್ಲಿ ಅಂಕಿಗಳ ಗುಂಡಿಗಳಿವೆ, ಜೋಡಣೆ ಟೆಲಿಫೋನಿನದೇ. ಮತದಾರರು ಅಭ್ಯರ್ಥಿಯ ಸಂಖ್ಯೆ ಒತ್ತುತ್ತಾರೆ, ಪರದೆಯಲ್ಲಿ ಭಾವಚಿತ್ರ ಬರುತ್ತದೆ, ಹಸಿರು ಗುಂಡಿ ಒತ್ತಿ ಖಚಿತಪಡಿಸುತ್ತಾರೆ. ಅಲ್ಲಿನ ಪ್ರಚಾರದಲ್ಲಿ ಅಭ್ಯರ್ಥಿಗಳು ತಮ್ಮ ಸಂಖ್ಯೆಯನ್ನೇ ಸಾರುತ್ತಾರೆ. ಅವರು ನಂಬಿದ್ದು ಫೋನಿನ ಅಂಕಿಗಳನ್ನು, ನಾವು ನಂಬಿದ್ದು ಚಿಹ್ನೆಗಳನ್ನು. ಎರಡೂ ತಮ್ಮ ನೆಲದಲ್ಲಿ ಸರಿ.

ನಮ್ಮ ಯಂತ್ರದಲ್ಲಿ ಒಂದು ಕೊರತೆ ಇತ್ತು. ಮಡಿಸಿದ ಚೀಟಿಯನ್ನು ಪೆಟ್ಟಿಗೆಗೆ ಹಾಕಿದಾಗ ಅದು ಒಳಗೆ ಬೀಳುವುದು ಕಾಣುತ್ತಿತ್ತು. ಬಟನ್ ಒತ್ತಿದರೆ ಏನೂ ಬೀಳುವುದಿಲ್ಲ. ಆ ಜಾಗ ತುಂಬಲು ಕೆಂಪು ದೀಪವನ್ನೂ ಉದ್ದನೆಯ ಬೀಪ್ ಸದ್ದನ್ನೂ ಕೊಟ್ಟರು. ಹೊರಗೆ ಕುಳಿತ ಅಧಿಕಾರಿಗೂ ಏಜೆಂಟರಿಗೂ ಮತ ಬಿದ್ದದ್ದು ಈ ಸದ್ದಿನಿಂದಲೇ ತಿಳಿಯುತ್ತದೆ. ಆದರೂ ಕಾಗದ ಕಣ್ಣಾರೆ ಕಂಡ ಸಮಾಧಾನ ಜನರಿಗೆ ಬೇಕಿತ್ತು. 2013ರಲ್ಲಿ ಮೊದಲು ಬಳಕೆಗೆ ಬಂದ, ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್ ಅದನ್ನು ತಂದುಕೊಟ್ಟಿತು. ಗಾಜಿನ ಹಿಂದೆ ಚೀಟಿ 7 ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ಮುಂದಿನ ಸಲ ಮತ ಹಾಕಲು ಹೋದಾಗ ಆ 7 ಸೆಕೆಂಡುಗಳನ್ನು ಗಮನವಿಟ್ಟು ನೋಡಿ.

ಪರಿಚಿತವಾದದ್ದನ್ನು ಕಿತ್ತುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ವಿಂಡೋಸ್ 8 ಇದೆ. 1995ರಿಂದ ಪರದೆಯ ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ನನ್ನು ಮೈಕ್ರೋಸಾಫ್ಟ್ 2012ರಲ್ಲಿ ತೆಗೆದುಹಾಕಿತು. ಕಂಪ್ಯೂಟರ್ ಆರಿಸಬೇಕಾದರೂ ಮೌಸನ್ನು ಬಲ ಮೂಲೆಗೆ ಒಯ್ದು, ಅಡಗಿದ್ದ ಪಟ್ಟಿಯನ್ನು ಹೊರಗೆಳೆದು, ಸೆಟ್ಟಿಂಗ್ಸ್ ಒಳಗೆ ಹುಡುಕಬೇಕಾಯಿತು. ಮುಟ್ಟುವ ಪರದೆಗೆ ಒಪ್ಪುವ ಹೊಸ ಚೌಕಗಳ ವಿನ್ಯಾಸ ನೋಡಲು ಚೆಂದವಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಕಚೇರಿಯಲ್ಲಿ ಮೌಸ್ ಹಿಡಿದು ಕೂತವರಿಗೆ ಆ ಚೆಂದದಿಂದ ಪ್ರಯೋಜನವಿರಲಿಲ್ಲ. ಮರುವರ್ಷವೇ ಬಟನ್ ವಾಪಸು ಬಂತು, 2015ರ ವಿಂಡೋಸ್ 10ರಲ್ಲಿ ಮೆನು ಕೂಡ ಬಂತು.

ಈ ಕಲೆಯನ್ನು ಕಲಿಯಲು ಕನ್ನಡಿಗರಿಗೆ ಇವೆಲ್ಲಕ್ಕಿಂತ ಒಳ್ಳೆಯ ಪಾಠವೊಂದು ಕೈಯ ಕೆಳಗೇ ಇದೆ. ಅದು ಕನ್ನಡದ ಕೀಲಿಮಣೆ.

ಕಂಪ್ಯೂಟರ್ ಬಂದಾಗ ಇಂಗ್ಲಿಷ್ ಅಕ್ಷರಗಳ ಮಣೆ ಸಿದ್ಧವಾಗಿತ್ತು. 1870ರ ದಶಕದ ರೆಮಿಂಗ್ಟನ್ ಟೈಪ್‌ರೈಟರಿನ ಕ್ವರ್ಟಿ ಜೋಡಣೆ ಅದು. ಕನ್ನಡವನ್ನು ಅದರ ಮೇಲೆ ಕೂರಿಸುವುದು ಹೇಗೆ? ಈ ಪ್ರಶ್ನೆಗೆ ಬಂದ ಮೂರು ಉತ್ತರಗಳು ಮೂರು ಬೇರೆ ಬೇರೆ ಅಭ್ಯಾಸಗಳನ್ನು ನಂಬಿದವು.

ಮೊದಲನೆಯದು ಇನ್‌ಸ್ಕ್ರಿಪ್ಟ್. ಭಾರತ ಸರ್ಕಾರ 1980ರ ದಶಕದಲ್ಲಿ ಹಲವು ಭಾರತೀಯ ಲಿಪಿಗಳಿಗೆ ಸೇರಿಸಿ ತಂದದ್ದು. ಇದು ನಂಬಿದ್ದು ವರ್ಣಮಾಲೆಯನ್ನು. ಎಡಗೈಗೆ ಸ್ವರಗಳು, ಬಲಗೈಗೆ ಬಹುಪಾಲು ವ್ಯಂಜನಗಳು. ಬಲಗೈ ಬೆರಳುಗಳು ನಿಲ್ಲುವ ನಡುವಿನ ಸಾಲಿನಲ್ಲಿ ಪ, ಕ, ತ, ಚ, ಟ. ಅವುಗಳ ಮೇಲಿನ ಸಾಲಿನಲ್ಲಿ ಕ್ರಮವಾಗಿ ಬ, ಗ, ದ, ಜ, ಡ. ಶಿಫ್ಟ್ ಒತ್ತಿದರೆ ಮಹಾಪ್ರಾಣ. ಎಡಗೈಯಲ್ಲೂ ಇಕಾರದ ಮೇಲೆ ಈಕಾರ, ಉಕಾರದ ಮೇಲೆ ಊಕಾರ. ಒಂದನೇ ತರಗತಿಯಲ್ಲಿ ಕಲಿತ ವರ್ಗಗಳೇ ಮಣೆಯ ಮೇಲೆ ಹರಡಿವೆ. ಕನ್ನಡದಲ್ಲಿ ಕಲಿತವರು ತೆಲುಗಿಗೆ ಬದಲಿಸಿಕೊಂಡರೂ ಕ ಇದ್ದಲ್ಲೇ ಇರುತ್ತದೆ. ಇಷ್ಟು ಸುಂದರವಾದ ವ್ಯವಸ್ಥೆ ಮನೆಮಾತಾಗಲಿಲ್ಲ. ನನಗೆ ತೋರುವ ಕಾರಣ ಒಂದೇ: ವರ್ಣಮಾಲೆ ನಮಗೆ ಗೊತ್ತಿದ್ದದ್ದು ನಾಲಿಗೆಯಲ್ಲಿ, ಬೆರಳಿನಲ್ಲಲ್ಲ.

ಇನ್ನೊಂದು ತುದಿಯಲ್ಲಿ ಇಂಗ್ಲಿಷ್ ಕಾಗುಣಿತವನ್ನೇ ನಂಬಿದ ಲಿಪ್ಯಂತರಣ ಇದೆ. ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹ ತಂತ್ರಾಂಶ ಇದನ್ನು ಮನೆಮನೆಗೆ ತಲುಪಿಸಿತು. ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಹಾಗೆ ಒತ್ತಿದರೆ ಕನ್ನಡ ಮೂಡುತ್ತದೆ. ಕಲಿಯುವ ಶ್ರಮ ಬಹಳ ಕಡಿಮೆ, ಹೊರದೇಶಗಳಲ್ಲಿ ಕೂತ ಕನ್ನಡಿಗರಿಗೆ ಅದೊಂದು ವರವಾಯಿತು. ಆದರೆ ಬರೆಯುವಾಗ ಮನಸ್ಸು ಪ್ರತಿ ಪದವನ್ನೂ ಇಂಗ್ಲಿಷ್ ಅಕ್ಷರಗಳಿಗೆ ಬಿಡಿಸಿಕೊಳ್ಳಬೇಕು. ಕ ಎಂಬ ಅಕ್ಷರಕ್ಕೂ ಎರಡು ಕೀಲಿ ಒತ್ತಬೇಕು, ಒಂದು ವ್ಯಂಜನಕ್ಕೆ, ಇನ್ನೊಂದು ಅಕಾರಕ್ಕೆ.

ಇವೆರಡರ ನಡುವೆ ನಿಂತದ್ದು ಕೆ. ಪಿ. ರಾವ್ ಅವರ ವಿನ್ಯಾಸ. ಕರ್ನಾಟಕ ಸರ್ಕಾರ ಸಣ್ಣಪುಟ್ಟ ಮಾರ್ಪಾಡಿನೊಂದಿಗೆ ಅದನ್ನೇ ಅಧಿಕೃತವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟ್ ಜೊತೆ ಘ. ಇಲ್ಲಿಯವರೆಗೆ ಬೆರಳಿಗೆ ಗೊತ್ತಿದ್ದ ದಾರಿ. ಆದರೆ ಕೆ ಒತ್ತಿದರೆ ಮೂಡುವುದು ಅಕಾರ ಸೇರಿದ ಪೂರ್ತಿ ಕ. ಅಂದರೆ ಇಂಗ್ಲಿಷಿನಿಂದ ಪಡೆದದ್ದು ಕೀಲಿಯ ಜಾಗವನ್ನು ಮಾತ್ರ, ಬರವಣಿಗೆಯ ತರ್ಕ ಪೂರ್ತಿ ಕನ್ನಡದ್ದು. ಒತ್ತು ಬೇಕಾದಾಗ ಎಫ್ ಕೀಲಿ. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಸಾಕು. ಕನ್ನಡ ಎಂಬ ಪದಕ್ಕೆ ಐದೇ ಕೀಲಿ. ಲಿಪ್ಯಂತರಣದಲ್ಲಿ ಏಳು ಬೇಕು, ಜೊತೆಗೆ ಶಿಫ್ಟ್ ಬೇರೆ.

ಆ ಎಫ್ ಕೀಲಿಯ ಮೇಲೆ ಬೆರಳಾಡಿಸಿ. ಒಂದು ಸಣ್ಣ ಉಬ್ಬು ಸಿಗುತ್ತದೆ. ಎಡಗೈ ತೋರುಬೆರಳು ಕಣ್ಣಿಲ್ಲದೆ ತನ್ನ ಜಾಗ ಹುಡುಕಿಕೊಳ್ಳಲೆಂದು ಇಟ್ಟದ್ದು. ಅಚ್ಚಗನ್ನಡಕ್ಕೆ ಎಫ್ ಉಚ್ಚಾರವೇ ಬೇಡ, ಆದರೆ ಒತ್ತಕ್ಷರವಿಲ್ಲದೆ ಒಂದು ಸಾಲು ಬರೆಯುವುದೂ ಕಷ್ಟ. ಖಾಲಿ ಬಿದ್ದ ಅತ್ಯುತ್ತಮ ಜಾಗವನ್ನು ಅತಿ ಹೆಚ್ಚು ಬೇಕಾದ ಕೆಲಸಕ್ಕೆ ಕೊಟ್ಟಿದ್ದಾರೆ. ಟ ಮತ್ತು ಡ ಕ್ಯೂ, ಡಬ್ಲ್ಯೂ ಕೀಲಿಗಳಲ್ಲಿರುವುದು ಕಂಡು ಹೊಸಬರು ಗೊಣಗುತ್ತಾರೆ. ಟಿ ಮತ್ತು ಡಿ ಕೀಲಿಗಳು ತ, ದಗಳಿಗೆ ಹೋದ ಮೇಲೆ, ಕನ್ನಡಕ್ಕೆ ಬೇಕಿಲ್ಲದ ಆ ಎರಡು ಕೀಲಿಗಳು ಅಕ್ಕಪಕ್ಕ ಖಾಲಿ ಇದ್ದವು. ಅಲ್ಲಿ ಬೆರಳು ಒಂದಿಷ್ಟು ಹೊಸದನ್ನು ಕಲಿಯಬೇಕು, ನಿಜ. ಕೇಳಿದ್ದು ಅಷ್ಟೇ. ಇನ್ನು ಸ್ವರಗಳ ವಿಷಯದಲ್ಲಿ ಇರುವ ಹೊಸತನ ಕಣ್ಣಿಗೇ ಕಾಣುವುದಿಲ್ಲ. ಐ ಕೀಲಿ ಪದದ ಮೊದಲಲ್ಲಿ ಇ ಆಗುತ್ತದೆ, ವ್ಯಂಜನದ ನಂತರ ಬಂದರೆ ಗುಡಿಸು ಆಗುತ್ತದೆ. ಯಾವುದು ಎಂಬ ಲೆಕ್ಕ ಯಂತ್ರಕ್ಕೆ ಸೇರಿದ್ದು, ಬರೆಯುವವರಿಗಲ್ಲ.

ಹೊಸದನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಹೀಗೆ ನೋಡುವುದು ರೂಢಿಯಾಗಲಿ. ಇದು ನನ್ನ ಯಾವ ಅಭ್ಯಾಸವನ್ನು ನಂಬಿದೆ? ಹೊಸದಾಗಿ ಏನು ಕಲಿ ಎನ್ನುತ್ತಿದೆ? ಕಲಿತರೆ ಏನು ಕೊಡುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಹೊಸತನ ಬರೀ ಅಲಂಕಾರ. ಮತ್ತೂ ಒಂದು ಪ್ರಶ್ನೆಯನ್ನು ನಾನು ಬಿಡುವುದಿಲ್ಲ: ನಂಬಿದ್ದು ಯಾರ ಅಭ್ಯಾಸವನ್ನು? ಇಂಗ್ಲಿಷ್ ಮಣೆ ಬಲ್ಲವರಿಗೆ ಸಲೀಸಾದದ್ದು ಕನ್ನಡ ಶಾಲೆಯ ಮಗುವಿಗೆ ಸಲೀಸಾಗಬೇಕೆಂದಿಲ್ಲ. ಆ ಮಗುವಿನ ಮಟ್ಟಿಗೆ ಇನ್‌ಸ್ಕ್ರಿಪ್ಟ್ ಪರ ವಾದ ಇಂದಿಗೂ ಗಟ್ಟಿಯಾಗಿದೆ.

ಪರಿಚಯವನ್ನು ಮೋಸಕ್ಕೂ ಬಳಸುತ್ತಾರೆ, ರಸಿಕರಿಗೆ ಇದೂ ತಿಳಿದಿರಬೇಕು. ಮುಂದುವರಿಯಲು ಪ್ರತಿಸಲ ಒತ್ತುವ ಬಣ್ಣದ ಬಟನ್ ಇರುವಲ್ಲೇ ಒಂದು ದಿನ ಹಣ ಕಡಿತಕ್ಕೆ ಒಪ್ಪಿಗೆ ಕೇಳುವ ಬಟನ್ ಬರುತ್ತದೆ. ಬೇಡ ಎನ್ನುವುದು ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿರುತ್ತದೆ. ಬೆರಳು ಓದುವ ಮೊದಲೇ ಒತ್ತಿಬಿಡುತ್ತದೆ. ಇಂಥ ವಿನ್ಯಾಸ ಮಾಡುವವರಿಗೆ ಈ ಕಲೆಯ ಗುಟ್ಟು ಚೆನ್ನಾಗಿ ಗೊತ್ತು, ಅದನ್ನು ಜನರ ವಿರುದ್ಧ ಬಳಸುತ್ತಿದ್ದಾರೆ. ಇದು ತಪ್ಪು, ತಪ್ಪೆಂದೇ ಹೇಳಬೇಕು.

ಕೊನೆಗೆ ಒಂದು ಕೋರಿಕೆ. ಲಿನಕ್ಸ್‌ನಲ್ಲಿ ಕೆ. ಪಿ. ರಾವ್ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಸಿಗುತ್ತದೆ, ವಿಂಡೋಸ್‌ನಲ್ಲಿ ನುಡಿ ಹಾಕಿಕೊಂಡರೆ ಸಿಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲೇ ಕನ್ನಡ ಬರೆಯುತ್ತ ಬಂದವರು ಇದರಲ್ಲಿ ಕೆಲವು ಪುಟ ಬರೆದು ನೋಡಿ. ಕ್ಯೂ, ಡಬ್ಲ್ಯೂಗಳ ಮುಂದೆ ಮೊದಮೊದಲು ಕೈ ತಡೆಯುತ್ತದೆ, ಆಮೇಲೆ ಸಲೀಸಾಗುತ್ತದೆ.