ತುರು ಹಿಮ್ಮೆಟ್ಟಲಿಲ್ಲ, ಮಗುಳಿತು

ವೀರಗಲ್ಲುಗಳ ಫೋಟೋ ಜೊತೆ ಹಾಕುವ ಹೊಸಗನ್ನಡ ವಿವರಣೆಗಳಲ್ಲಿ ಒಂದು ಪದ ನನಗೆ ಮತ್ತೆ ಮತ್ತೆ ಎಡವಿಸುತ್ತೆ. ತುರುಗಾಳಗದ ಶಾಸನಗಳಲ್ಲಿ ಬರುವ ‘ತುಱುವಂ ಮಗುೞ್ಚಿ’ ಎಂಬುದನ್ನು ಕೆಲವರು ‘ತುರುಗಳನ್ನು ಹಿಮ್ಮೆಟ್ಟಿಸಿ’ ಅಂತ ಬರೆದುಬಿಡ್ತಾರೆ. ಎರಡರಲ್ಲೂ ‘ಹಿಂದಕ್ಕೆ’ ಎಂಬ ಅರ್ಥ ಇದೆಯಲ್ಲ, ಏನು ತಪ್ಪು ಅನ್ನಬಹುದು. ಆದರೆ ಎರಡರ ದಿಕ್ಕು ಬೇರೆ.

‘ಹಿಮ್ಮೆಟ್ಟು’ ಅನ್ನೋದನ್ನ ಬಿಡಿಸಿ ನೋಡಿ: ಹಿಂ + ಮೆಟ್ಟು, ಹಿಂದಕ್ಕೆ ಕಾಲಿಡು. ಹಿಮ್ಮೆಟ್ಟಿಸುವುದು ನಮ್ಮ ಮೇಲೆ ಬಂದವರನ್ನು. ಅವರು ನಮ್ಮಿಂದ ದೂರ ಹೋಗ್ತಾರೆ. ‘ಮಗುೞ್’ ಅಂದರೆ ತಿರುಗು, ಬಂದ ದಾರಿಯಲ್ಲೇ ಮರಳು. ಅದರಿಂದಲೇ ‘ಮಗುೞೆ’, ಅಂದರೆ ‘ಮತ್ತೆ’. ಈಗಲೂ ‘ತಿರುಗು’ವಿನಿಂದ ‘ತಿರುಗಾ ಬಂದ’ ಅಂತೀವಲ್ಲ, ಹಾಗೆ.

ಇನ್ನು ‘ಚು’ ಪ್ರತ್ಯಯ. ಉರುಳ್–ಉರುಳ್ಚು, ಪೊರಳ್–ಪೊರಳ್ಚು ಇದ್ದ ಹಾಗೆ ಮಗುೞ್–ಮಗುೞ್ಚು: ತಾನು ತಿರುಗುವುದಲ್ಲ, ಇನ್ನೊಂದನ್ನು ತಿರುಗಿಸುವುದು. ದೋಸೆ ಮಗುಚುವಾಗ ನಾವು ಬಳಸುವುದು ಇದೇ ಪದದ ಇಂದಿನ ರೂಪ. ಕಲ್ಲಿನ ಮೇಲೆ ಯಾವುದನ್ನು ತಿರುಗಿಸಿದ ಅಂತ ‘ತುಱುವಂ’ ಎಂಬ ದ್ವಿತೀಯೆಯೇ ಹೇಳುತ್ತೆ. ಕಳ್ಳರು ಅಟ್ಟಿಕೊಂಡು ಹೊರಟ ದನ ಊರ ಕಡೆಗೆ ಮುಖ ಮಾಡಿತು. ಹಿಮ್ಮೆಟ್ಟಿಸಿದ್ದರೆ ದನ ಊರಿಂದ ಆಚೆಗೇ ಹೋಗಬೇಕಿತ್ತು!

ನಿಘಂಟು ತೆರೆದರೆ ‘ಮಗುೞ್’ಗೆ ಹಿಂದೆ ಸರಿ ಎಂಬ ಅರ್ಥವೂ ಸಿಗುತ್ತೆ, ನಿಜ. ಅದನ್ನೇ ಹಿಡಿದು ‘ವೀರ ಹಿಂದೆ ಸರಿದು ಸತ್ತ’ ಅಂತ ಓದಿದರೆ ಇನ್ನೂ ಅನ್ಯಾಯ. ಓಡಿಹೋಗುವುದಕ್ಕೆ ಹಳಗನ್ನಡದಲ್ಲಿ ‘ಬೆಂಗೊಡು’ ಎಂಬ ಬೇರೆ ಮಾತೇ ಇದೆ. ಬೆನ್ನು ಕೊಟ್ಟವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಇದು ಬರೀ ಪದದ ಜಗಳ ಅಲ್ಲ. ಹೀಗೆ ಸತ್ತವರ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಕೊಟ್ಟದ್ದನ್ನೂ ಶಾಸನಗಳು ಹೇಳುತ್ತವೆ. ಶಿಕಾರಿಪುರ, ಸೊರಬದ ಕಡೆ ಇಂಥ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಹಸುಗಳ ಸಾಲು ಕಂಡರೆ ಅವು ಯಾವ ಕಡೆ ಮುಖ ಮಾಡಿವೆ ಅಂತ ಗಮನಿಸಿ. ಅವ ಸತ್ತ, ದನ ಮನೆಗೆ ಬಂತು: ಹೆಚ್ಚಿನ ವೀರರ ಬಗ್ಗೆ ನಮಗೆ ಉಳಿದಿರುವ ಕಥೆ ಇಷ್ಟೇ. ಅದನ್ನು ಹಿಡಿದಿಟ್ಟಿರುವುದು ‘ಮಗುೞ್ಚಿ’ ಎಂಬ ಒಂದು ಪದ. ಹೊಸಗನ್ನಡದಲ್ಲಿ ‘ಮರಳಿಸಿ’ ಅನ್ನಿ, ‘ಬಿಡಿಸಿ ತಂದು’ ಅನ್ನಿ, ಸರಿಹೋಗುತ್ತೆ. ‘ಹಿಮ್ಮೆಟ್ಟಿಸಿ’ಯನ್ನು ಮಾತ್ರ ದನಗಳ್ಳರಿಗೆ ಬಿಡಿ.