ಶಿಲಾಪಾಠದ ಪರಿಭಾಷೆ

ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಪ್ರಯತ್ನ ಹೊಸದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, 1936ರಲ್ಲಿ ಮಕ್ಕಳಿಗಾಗಿಯೇ ಶಿವರಾಮ ಕಾರಂತರ ‘ಬಾಲ ಪ್ರಪಂಚ’ವು ಹೊರಬಂದಿತು. ಆ ದಾರಿಯಲ್ಲಿ ನಮ್ಮ ಪಠ್ಯಗಳು ಬಹುದೂರ ನಡೆದಿವೆ. ಆದರೂ ಶಿಲೆ ಖನಿಜಗಳ ಪಾಠದಲ್ಲಿ ರೂಢವಾಗಿರುವ ಪರಿಭಾಷೆಯು ಬಾಲಕನ ಕೈಯಲ್ಲಿರುವ ಕಲ್ಲನ್ನು ಅವನಿಗೆ ತಿಳಿಸಿಕೊಡುವುದೇ ಎಂಬುದು ವಿಚಾರಾರ್ಹವಾಗಿದೆ.

ಪದಶಕ್ತಿಯನ್ನು ಗ್ರಹಿಸುವ ಉಪಾಯಗಳಲ್ಲಿ ವೃದ್ಧವ್ಯವಹಾರವು ಮುಖ್ಯವೆಂದು ನಮ್ಮ ಶಾಸ್ತ್ರಕಾರರ ಮತ. ಹಸುವನ್ನು ತರಹೇಳಿದಾಗ ಏನು ಬಂತು, ಕುದುರೆಯನ್ನು ತರಹೇಳಿದಾಗ ಏನು ಬಂತು ಎಂಬುದನ್ನು ಕಂಡು ಶಿಶುವು ಆವಾಪೋದ್ವಾಪಗಳಿಂದ ಅರ್ಥವನ್ನು ಬೇರ್ಪಡಿಸಿಕೊಳ್ಳುತ್ತದೆ. ನಿಘಂಟು ಅನಂತರದ್ದು. ಶಿಲಾಪಾಠದಲ್ಲಿ ಈ ಕ್ರಮವು ತಲೆಕೆಳಗಾಗಿ, ಲಕ್ಷಣವು ಮೊದಲು, ಲಕ್ಷ್ಯವು ಕೊನೆಗೆ ಬರುತ್ತದೆ. ಹಲವೆಡೆ ಬರುವುದೇ ಇಲ್ಲ.

ಪದಗಳನ್ನೇ ಪರೀಕ್ಷಿಸೋಣ. ‘ಅಗ್ನಿಶಿಲೆ’ ಎಂಬ ಸಮಾಸಕ್ಕೆ ವಿಗ್ರಹವೇನು? ಅಗ್ನಿಯಿಂದ ಹುಟ್ಟಿದ ಶಿಲೆಯೋ, ಅಗ್ನಿಯನ್ನು ಹುಟ್ಟಿಸುವ ಶಿಲೆಯೋ? ಚಕಮಕಿ ಕಲ್ಲನ್ನು ಬಲ್ಲ ಹುಡುಗನಿಗೆ ಎರಡನೆಯ ಅರ್ಥವೇ ತೋರುವುದು. ‘ಜಲಜಶಿಲೆ’ಯ ಪಾಡು ಇನ್ನೂ ಕಷ್ಟ. ಜಲಜವೆಂದರೆ ತಾವರೆಯೆಂಬ ರೂಢಿಯು ಯೋಗಾರ್ಥವನ್ನು ನುಂಗಿಬಿಡುತ್ತದೆ. ‘ಪದರುಶಿಲೆ’ಯು ಇವೆರಡಕ್ಕಿಂತ ಸುಲಭವಾದ ಮಾತು, ಆದರೆ ಊರಿನ ಬಂಡೆಯ ಮುಂದೆ ಅದೂ ಎಡವುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯನ್ನು ತೆಗೆದುಕೊಳ್ಳಿ. ಆ ಸೀಮೆಯ ನೆಲಗಟ್ಟು ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದ ಜಾತಿಯದೇ: ಸುಮಾರು 300 ಕೋಟಿ ವರ್ಷಗಳ ಪ್ರಾಚೀನವಾದ ನೈಸ್ ಶಿಲೆ. ಮೈಸೂರಿನ ಭೂಗರ್ಭ ಇಲಾಖೆಯ ಸ್ಮೀತರು 1916ರಲ್ಲಿ ಇದಕ್ಕೆ ಪರ್ಯಾಯದ್ವೀಪದ ನೈಸ್ ಎಂಬರ್ಥದ ಹೆಸರನ್ನಿಟ್ಟರು. ಅದರ ಮೈಮೇಲೆ ಕರಿಯ ಬಿಳಿಯ ಪಟ್ಟೆಗಳಿವೆ. ಹೆಸರನ್ನು ನಂಬಿದ ಬಾಲಕನು ಅದನ್ನು ಪದರುಶಿಲೆಯೆಂದೇ ಹೇಳುವನು. ತಪ್ಪು ಅವನದಲ್ಲ, ಹೆಸರಿನದು. ಆ ಪಟ್ಟೆಗಳು ನೀರಿನಡಿಯಲ್ಲಿ ತಂಗಿದ ಪದರುಗಳಲ್ಲ. ಭೂಮಿಯ ಆಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಖನಿಜಗಳು ಸಾಲುಗೊಂಡ ಗುರುತು. ಅದು ರೂಪಾಂತರಶಿಲೆ. ನಿಜವಾದ ಪದರುಶಿಲೆ ಬೇಕಾದರೆ, ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲಿದೆ. ಅದರ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆಯೇಳುವುದು. ನೈಸಿನ ಪುಡಿ ಸುಮ್ಮನಿರುವುದು. ಹೆಸರು ಮಾಡಿದ ಭ್ರಾಂತಿಯನ್ನು ಪರೀಕ್ಷೆಯು ಹೀಗೆ ಕಳೆಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಊರಮಾತು ಸಡಿಲವಾದುದು, ಬಿಳಿಯ ಕಲ್ಲೆಲ್ಲವನ್ನೂ ಬೆಣಚು ಎಂದುಬಿಡುತ್ತಾರೆ, ಶಾಸ್ತ್ರಕ್ಕೆ ನಿಯತವಾದ ಸಂಜ್ಞೆ ಬೇಕು. ಆಕ್ಷೇಪವು ಯುಕ್ತವೇ. ಆದರೆ ನಿಯಮವನ್ನು ಕೊಡುವುದು ಸಂಸ್ಕೃತಪದವಲ್ಲ, ಪರೀಕ್ಷೆ. ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಖನಿಜಗಳ ಕಾಠಿಣ್ಯವನ್ನು 10 ಮೆಟ್ಟಿಲುಗಳಲ್ಲಿಟ್ಟನು. ಬಳಪದ ಕಲ್ಲಿನಲ್ಲಿರುವ ಖನಿಜವು ಮೊದಲನೆಯದು, ಉಗುರಿಗೇ ಗೀರು ಬೀಳುತ್ತದೆ. ಬೆಣಚು ಏಳನೆಯದು, ಗಾಜನ್ನೇ ಗೀರುತ್ತದೆ. ಗಾಜನ್ನು ಗೀರದ ಬಿಳಿಗಲ್ಲು ಬೆಣಚಲ್ಲವೆಂದು ಹುಡುಗನು ಒಮ್ಮೆ ಕಂಡರೆ ಆ ಹಳೆಯ ಮಾತೇ ಶಾಸ್ತ್ರೀಯಸಂಜ್ಞೆಯಾಗುವುದು. ಹಾಗೆಯೇ ಖನಿಜವನ್ನು ಉಜ್ಜಿದಾಗ ಬೀಳುವ ಬಣ್ಣದ ಗೆರೆಗೆ ಅಕ್ಕಸಾಲಿಗರ ‘ಒರೆ’ಯೇ ಸಾಕು.

ಇದು ಪಾಶ್ಚಾತ್ಯರಿಂದ ಎರವಲು ತಂದ ಪದ್ಧತಿಯೆಂದು ಸಂಕೋಚಪಡಬೇಕಾಗಿಲ್ಲ. ‘ರಸರತ್ನಸಮುಚ್ಚಯ’ವು ಅಭ್ರಕವನ್ನು ಬೆಂಕಿಗೆ ಹಾಕಿಯೇ ವಿಂಗಡಿಸುತ್ತದೆ: ದಳ ಬಿಚ್ಚುವುದು ಪಿನಾಕ, ಹಾವಿನಂತೆ ಬುಸುಗುಟ್ಟುವುದು ನಾಗ, ಕಪ್ಪೆಯಂತೆ ನೆಗೆಯುವುದು ಮಂಡೂಕ, ವಿಕಾರಹೊಂದದಿರುವುದು ವಜ್ರ. ಬಂಡೆಯನ್ನು ಕಾಯಿಸಿ ಸುಣ್ಣದ ನೀರೆರಚಿ ಒಡೆಯುವ ವಿಧಾನವನ್ನು ವರಾಹಮಿಹಿರನ ‘ಬೃಹತ್ಸಂಹಿತೆ’ಯೇ ಹೇಳುತ್ತದೆ, ಸೌದೆಯ ಬೆಂಕಿಯಿಂದ ಚಪ್ಪಡಿಯೆಬ್ಬಿಸುವ ವಿದ್ಯೆಯನ್ನು ನಮ್ಮ ಕಲ್ಲುಕುಟಿಗರೂ ಬಲ್ಲವರಾಗಿದ್ದರು. ನೋಡಿ, ಮುಟ್ಟಿ, ಕಾಯಿಸಿ, ಒರೆಹಚ್ಚಿ ಹೆಸರಿಡುವುದೇ ನಮ್ಮ ಪೂರ್ವಪದ್ಧತಿ. ಹೆಸರನ್ನು ಉರುಹಾಕಿಸುವುದು ಅದರ ಅಪಭ್ರಂಶ.

ಆದುದರಿಂದ ಕ್ರಮವು ಹೀಗಿರಬೇಕು: ಮೊದಲು ಕಲ್ಲು, ಆಮೇಲೆ ಪರೀಕ್ಷೆ, ಆಮೇಲೆ ಊರಿನ ಹೆಸರು, ಕಡೆಗೆ ಶಾಸ್ತ್ರದ ಹೆಸರು. ಬೆಂಕಿಯ ಪರೀಕ್ಷೆ ಮಾತ್ರ ಉಪಾಧ್ಯಾಯರ ಕೈಯಲ್ಲಿರತಕ್ಕದ್ದು. ಈ ಕ್ರಮವನ್ನು ಬಿಟ್ಟರೆ ಬೆಣಚು, ಕಾಗೆಬಂಗಾರ, ಬಳಪ, ಒರೆ ಎಂಬ ಮಾತುಗಳು ಮಕ್ಕಳ ನಾಲಗೆಯಿಂದ ಜಾರಿಹೋಗುವುವು. ಅವುಗಳ ಸ್ಥಾನಕ್ಕೆ ಬಂದ ಮಾತುಗಳಿಗೆ ಅರ್ಥವಾಗಿ ನಿಲ್ಲಲು ಕಲ್ಲೂ ಇರುವುದಿಲ್ಲ. ಆ ನಷ್ಟವು ವಿಜ್ಞಾನಕ್ಕೆ ಎಷ್ಟೋ ಕನ್ನಡಕ್ಕೂ ಅಷ್ಟೇ. ಪಠ್ಯಗಳನ್ನು ತಿದ್ದುವವರು ಇದನ್ನು ಪರಾಮರ್ಶಿಸಬೇಕೆಂದು ಪ್ರಾರ್ಥನೆ.